ನಾಯಿಗೆ ಮನೆ ಅಡುಗೆ ಹಾಕುವವರೇ, ಯಾವ ಮಸಾಲೆ ಹಾಕುತ್ತೀರಿ, ಯಾವುದು ಬಿಡುತ್ತೀರಿ?

ಚಿನ್ನು ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿನ್ನು ಬೀದಿಯಿಂದ ತಂದ ನಾಟಿ ನಾಯಿ. ನಾಲ್ಕು ವರ್ಷ, 9 ಕೆಜಿ. ಮೂರು ವಾರದ ಹಿಂದೆ ಭಾನುವಾರ ಮನೆಗೆ ನೆಂಟರು ಬಂದಿದ್ದರು. ದೊಡ್ಡ ಪಾತ್ರೆ ತುಂಬ ಕೋಳಿ ಸಾರು ಮಾಡಿದ್ದೆ. ಒಂದು ಕೆಜಿ ಈರುಳ್ಳಿ, ನಾಲ್ಕು ಗಡ್ಡೆ ಬೆಳ್ಳುಳ್ಳಿ ರುಬ್ಬಿ ಹಾಕಿದ್ದು. ತುಂಡೆಲ್ಲ ಖಾಲಿಯಾಗಿ ತಳದಲ್ಲಿ ಗಟ್ಟಿ ಮಸಾಲೆ ಉಳಿದಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಫ್ರಿಜ್‌ನಲ್ಲಿಟ್ಟು ಸೋಮವಾರ, ಮಂಗಳವಾರ, ಬುಧವಾರ ಎರಡೂ ಹೊತ್ತು ಅನ್ನಕ್ಕೆ ಕಲಸಿ ಚಿನ್ನುಗೆ ಹಾಕಿದೆ. ತಟ್ಟೆ ನೆಕ್ಕಿ ನೆಕ್ಕಿ ತಿಂದಳು.

ಗುರುವಾರ ಊಟ ಅರ್ಧ ಬಿಟ್ಟಳು. ಶುಕ್ರವಾರ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂತುಬಿಟ್ಟಳು. ಗೇಟ್ ಸದ್ದಾದರೂ ಎದ್ದು ಬರಲಿಲ್ಲ. ಸಂಜೆ ಅಂಗಳದಲ್ಲಿ ಮೂತ್ರ ಮಾಡಿದಾಗ ನೋಡಿದೆ, ಕಾಫಿ ಡಿಕಾಕ್ಷನ್ ಬಣ್ಣ. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ಅವತ್ತೇ ರಾತ್ರಿ ಕರೆದುಕೊಂಡು ಹೋದೆವು.

ನಾವು ಉಣ್ಣೆ ಹುಳ ಕಚ್ಚಿ ಬರುವ ಜ್ವರ ಅಂದುಕೊಂಡಿದ್ದೆವು. ಡಾಕ್ಟರ್ ರಕ್ತ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ. "ಈರುಳ್ಳಿ ತಿಂದಿದ್ದಾಳಾ?" ಕೆಂಪು ರಕ್ತಕಣ ಒಡೆದು ಪಿಸಿವಿ, ಅಂದರೆ ರಕ್ತದಲ್ಲಿ ನೂರಕ್ಕೆ ಇಷ್ಟು ಭಾಗ ಕೆಂಪು ಕಣ ಎಂಬ ಲೆಕ್ಕ, 22ಕ್ಕೆ ಇಳಿದಿತ್ತು. 37ಕ್ಕಿಂತ ಮೇಲೆ ಇರಬೇಕಂತೆ. ಎರಡು ದಿನ ಡ್ರಿಪ್ ಹಾಕಿದರು. ರಕ್ತ ಕೊಡಿಸುವ ಹಂತಕ್ಕೆ ಹೋಗಲಿಲ್ಲ. ಈಗ ಪರವಾಗಿಲ್ಲ, ಓಡಾಡುತ್ತಿದ್ದಾಳೆ.

ಪ್ರೀತಿಯಿಂದ ಹಾಕಿದ ಊಟವೇ ಹೀಗೆ ಮಾಡಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಮನೆಯಲ್ಲಿ ಬೇರೆ ನಾಯಿ ಆಹಾರ ತರುವ ಅಭ್ಯಾಸ ಇಲ್ಲ, ಮನೆ ಊಟವೇ. ಸಾಸಿವೆ, ಜೀರಿಗೆ, ಅರಿಶಿನ, ಇಂಗು, ಶುಂಠಿ, ಚಕ್ಕೆ, ಲವಂಗ ಎಲ್ಲ ಇರುವ ಮನೆ. ಯಾವುದು ಹಾಕಬಹುದು, ಯಾವುದು ಮುಟ್ಟಬಾರದು? ಗೊತ್ತಿದ್ದವರು ಹೇಳಿ.

ತೋಟದಮನೆ, ತಿಪಟೂರು

ಅಕ್ಕ, ಚಿನ್ನು ಹುಷಾರಾಗಿದ್ದು ಖುಷಿ ಆಯ್ತು. ಆದರೆ ಒಂದು ಮಾತು ಕೇಳಬೇಕು. ನಮ್ಮ ತೋಟದಲ್ಲಿ ತಾತನ ಕಾಲದಿಂದ ನಾಯಿ ಸಾಕಿದ್ದೇವೆ. ಎಲ್ಲವೂ ಮುದ್ದೆ ಸಾರು ತಿಂದೇ ಬೆಳೆದವು. ಕರಿಯ ಅನ್ನೋ ನಾಯಿ ಹದಿಮೂರು ವರ್ಷ ಬದುಕಿತ್ತು. ಸಾರಿಗೆ ಈರುಳ್ಳಿ ಬೆಳ್ಳುಳ್ಳಿ ಹಾಕದೆ ಇರ್ತೀವಾ? ಅವಕ್ಕೆ ಏನೂ ಆಗಲಿಲ್ಲವಲ್ಲ?

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ನಾನು ಪಶುವೈದ್ಯ. ತಿಪಟೂರಿನವರ ಪ್ರಶ್ನೆ ನನ್ನ ಕ್ಲಿನಿಕ್‌ನಲ್ಲಿ ವಾರಕ್ಕೊಮ್ಮೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈರುಳ್ಳಿ, ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ, ಈರುಳ್ಳಿ ಹೂವು, ಎಲ್ಲ ಒಂದೇ ಜಾತಿ. ಘಾಟು ವಾಸನೆ ಕೊಡುವ ಗಂಧಕದ ಅಂಶ ಇವುಗಳಲ್ಲಿದೆ. ಅದು ನಾಯಿಯ ಹೊಟ್ಟೆಗೆ ಹೋದರೆ ಕೆಂಪು ರಕ್ತಕಣದ ಒಳಗಿನ ಹಿಮೋಗ್ಲೋಬಿನ್ ಕೆಡಿಸುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಕಣದ ಅಂಚಿನಲ್ಲಿ ಸಣ್ಣ ಗುಬುಟಿನ ಹಾಗೆ ಗಂಟು ಕಟ್ಟುತ್ತದೆ. ಅದಕ್ಕೆ ಹೈನ್ಜ್ ಬಾಡಿ ಅನ್ನುತ್ತೇವೆ. ಚಿನ್ನುವಿನ ಡಾಕ್ಟರ್ ಗಾಜಿನ ಮೇಲೆ ಕಂಡದ್ದು ಅದನ್ನೇ ಇರಬೇಕು. ಅಂಥ ಕಣಗಳನ್ನು ಮೈಯೇ ಒಡೆದು ಹಾಕುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣ ಆಗುವುದು ಆಗಲೇ.

ಇದಕ್ಕೆ ಸಮಯ ಬೇಕು. ತಿಂದ ದಿನ ವಾಂತಿ ಭೇದಿ ಆಗಬಹುದು, ಆಗದೆಯೂ ಇರಬಹುದು. ಸುಸ್ತು, ಬಿಳಿಚು ಒಸಡು ಕಾಣಿಸುವುದು ಮೂರು ನಾಲ್ಕು ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ತಿಂದದ್ದು ಎಲ್ಲರಿಗೂ ಮರೆತು ಹೋಗಿರುತ್ತದೆ.

ಅಳತೆ ಹೀಗಿದೆ. ನಾಯಿಯ ಒಂದು ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ದೊಡ್ಡ ಬದಲಾವಣೆ ಕಾಣುತ್ತದೆ. ಚಿನ್ನು 9 ಕೆಜಿ. 135 ಗ್ರಾಂ ಸಾಕು. ಅಂದರೆ ಒಂದೂವರೆ ಈರುಳ್ಳಿಯಷ್ಟೇ. ಆರು ಹೊತ್ತು ಗಟ್ಟಿ ಮಸಾಲೆ ತಿಂದವಳಿಗೆ ಅದಕ್ಕಿಂತ ಜಾಸ್ತಿಯೇ ಹೋಗಿರುತ್ತದೆ. ಬೇಯಿಸಿದರೆ, ಹುರಿದರೆ, ಒಣಗಿಸಿದರೆ ವಿಷ ಹೋಗುವುದಿಲ್ಲ. ಪುಡಿ ಮಾಡಿದರೆ ನೀರಿನಂಶ ಹೋಗಿ ಇನ್ನೂ ಗಟ್ಟಿಯಾಗುತ್ತದೆ. ಚಿಪ್ಸ್, ನೂಡಲ್ಸ್ ಮಸಾಲೆ ಪೊಟ್ಟಣ, ಸೂಪ್ ಪುಡಿ, ಅಂಗಡಿ ಚಿಕನ್ ಸ್ಟಾಕ್ ಇವುಗಳಲ್ಲಿ ಹೆಚ್ಚಾಗಿ ಈರುಳ್ಳಿ ಪುಡಿ ಇರುತ್ತದೆ. ಹಿಂದಿನ ಚೀಟಿ ಓದಿ.

ಈಗ ತಿಪಟೂರಿನ ಕರಿಯನ ವಿಷಯ. ನೀವು ಮುದ್ದೆಗೆ ಹಾಕುತ್ತಿದ್ದದ್ದು ತೆಳು ಸಾರು ಅಲ್ವಾ? ಹತ್ತು ಜನರ ಸಾರಿಗೆ ಎರಡು ಈರುಳ್ಳಿ, ಅದರಲ್ಲಿ ನಾಯಿ ಪಾಲಿಗೆ ಒಂದು ಸೌಟು. ಅಷ್ಟಕ್ಕೆ ಕಣ ಒಡೆದರೂ ಮೈ ಹೊಸ ಕಣ ಮಾಡಿಕೊಂಡು ತಡೆದುಕೊಳ್ಳುತ್ತದೆ. ಆದರೆ ತೋಟದ ನಾಯಿ ಸ್ವಲ್ಪ ಮಂಕಾದರೆ ಯಾರೂ ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಹದಿಮೂರು ವರ್ಷ ಬದುಕಿದ ಕರಿಯನ ಹೆಸರು ನೆನಪಿದೆ. ಬೇಗ ಸತ್ತವುಗಳಿಗೆ ಏನಾಗಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ.

ತೋಟದಮನೆ, ತಿಪಟೂರು

ಡಾಕ್ಟ್ರೇ, ಹೌದು, ತೆಳು ಸಾರೇ. ಮೊದಲು ಉಪ್ಪುಸಾರಿನ ಕಟ್ಟು ಬಸಿಯುವಾಗ ಅಜ್ಜಿ ನಾಯಿಗೆ ಅಂತ ಬೇಳೆ ಕಟ್ಟು ಬೇರೆ ತೆಗೆದಿಡುತ್ತಿದ್ದರು. ಖಾರ ಆಗಬಾರದು ಅನ್ನುತ್ತಿದ್ದರು. ಈಗ ನೆನಪಾಯಿತು. ಕೊನೆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ನಾಯಿ ಚಿಕ್ಕ ವಯಸ್ಸಿಗೇ ಹೋಗಿದ್ದವು.

ಬಸವನಗುಡಿ ಬ್ರೌನಿ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರು ದಿನಾ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಉಣ್ಣೆ ಹತ್ತುವುದಿಲ್ಲ ಎಂದು ಹೇಳಿದ್ದಾರೆ. ಮಳೆಗಾಲ ಬರ್ತಿದೆ. ಅದೂ ಬೇಡವಾ?

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ಬೇಡ. ಖಂಡಿತ ಬೇಡ. ತೂಕಕ್ಕೆ ತೂಕ ನೋಡಿದರೆ ಬೆಳ್ಳುಳ್ಳಿ ಈರುಳ್ಳಿಗಿಂತ ಮೂರರಿಂದ ಐದು ಪಟ್ಟು ಜೋರು. 2000ದಲ್ಲಿ ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದವರು ನಾಯಿಗಳಿಗೆ ಏಳು ದಿನ ಬೆಳ್ಳುಳ್ಳಿ ರಸ ಕೊಟ್ಟು ನೋಡಿದರು. ಕೆಜಿಗೆ 5 ಗ್ರಾಂ ಬೆಳ್ಳುಳ್ಳಿಯ ಲೆಕ್ಕ. ರಕ್ತಕಣಗಳು ಹಾಳಾದದ್ದು ಸ್ಪಷ್ಟವಾಗಿ ಕಂಡಿತು. ನಿಮ್ಮ ಎರಡು ಎಸಳು ಅದಕ್ಕಿಂತ ಎಷ್ಟೋ ಕಡಿಮೆ, ನಿಜ. ಆದರೆ ಉಣ್ಣೆ ಅದಕ್ಕೆ ಹೆದರುವುದಿಲ್ಲ. ಬೆಳ್ಳುಳ್ಳಿ ಹಾಕಿದ್ದೇವೆ ಎಂಬ ಧೈರ್ಯದಲ್ಲಿ ಉಣ್ಣೆ ಔಷಧಿ ಬಿಟ್ಟುಬಿಡುತ್ತಾರೆ. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬೆಬಿಸಿಯಾ ಎರಡೂ ರಕ್ತವನ್ನೇ ಹೊಡೆಯುವ ಕಾಯಿಲೆಗಳು. ಅದರ ಮೇಲೆ ಬೆಳ್ಳುಳ್ಳಿಯೂ ಸೇರಿದರೆ ನಾಯಿಗೆ ಏನು ಉಳಿಯುತ್ತದೆ? ತೂಕಕ್ಕೆ ತಕ್ಕ ಮಾತ್ರೆಯೋ ಬೆನ್ನಿಗೆ ಬಿಡುವ ಔಷಧಿಯೋ ನಿಮ್ಮ ವೈದ್ಯರನ್ನು ಕೇಳಿ ಹಾಕಿಸಿ. ಬೆಕ್ಕು ಇರುವವರು ಇನ್ನೂ ಹುಷಾರು. ಬೆಕ್ಕಿಗೆ ಇದು ನಾಯಿಗಿಂತ ಬೇಗ ಹತ್ತುತ್ತದೆ.

ಸಿಯಾಟಲ್ ಕನ್ನಡತಿ

ನಮಸ್ಕಾರ, ನಾನು ಅಮೆರಿಕದಲ್ಲಿದ್ದೇನೆ. ಊರಿನಲ್ಲಿ ಯಾರೂ ಮಾತಾಡದ ಒಂದು ವಿಷಯ ಹೇಳಬೇಕು. ಹುಣಸೆಹಣ್ಣು.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ ಎಂದು ಮೊದಲೇ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. 2021ರಲ್ಲಿ ಇಲ್ಲಿಯ ಎಎಸ್‌ಪಿಸಿಎ ಎಂಬ ಪ್ರಾಣಿ ದಯಾ ಸಂಸ್ಥೆಯ ವಿಷ ಸಹಾಯವಾಣಿಯ ವೈದ್ಯರು ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬೇಕು ಎಂದು ಬರೆದರು. ಮುಂದಿನ ವರ್ಷ ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ವಿವರವೂ ಪ್ರಕಟವಾಯಿತು. ಕೇಕಿಗೆ ಹಾಕುವ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗಳಿಗೂ ಹಾಗೇ ಆಗಿತ್ತು. ಹುಣಸೆಹಣ್ಣಿನ ತಿರುಳಿನಲ್ಲಿ ನೂರಕ್ಕೆ 8ರಿಂದ 18 ಭಾಗ ಈ ಆಮ್ಲವೇ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಮ್ಮ ಇಲ್ಲಿಗೆ ಬಂದಾಗಲೆಲ್ಲ ನಮ್ಮ ಲ್ಯಾಬ್ರಡಾರ್‌ಗೆ ಪುಳಿಯೋಗರೆ ತುತ್ತು ಕೊಡುತ್ತಿದ್ದರು. ಅದೃಷ್ಟ, ಏನೂ ಆಗಿಲ್ಲ. ಈಗ ಗೊಜ್ಜು, ಪುಳಿಯೋಗರೆ, ಹುಣಸೆ ತೊಕ್ಕು ಯಾವುದೂ ಕೈಗೆ ಸಿಗುವ ಹಾಗೆ ಇಡುವುದಿಲ್ಲ. ಕೇಸರಿಬಾತು, ಪಾಯಸ ಕೂಡ. ಒಣದ್ರಾಕ್ಷಿ ಇರುತ್ತದಲ್ಲ.

ಚಿನ್ನು ಅಮ್ಮ, ಮೈಸೂರು

ಅಯ್ಯೋ, ಹುಣಸೆಹಣ್ಣಾ? ಇದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಾವು ಹುಣಸೆ ಹಿಂಡಿದ ಸಿಪ್ಪೆ, ನಾರು ಹಿತ್ತಲ ಗೊಬ್ಬರ ಗುಂಡಿಗೆ ಹಾಕುತ್ತೇವೆ. ಚಿನ್ನು ಅಲ್ಲೇ ಮೂಸುತ್ತಿರುತ್ತಾಳೆ. ನಾಳೆಯೇ ಗುಂಡಿ ಮುಚ್ಚಿಸುತ್ತೇನೆ.

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ಸಿಯಾಟಲ್ ಮೇಡಂ ಒಳ್ಳೆಯ ವಿಷಯ ಎತ್ತಿದರು. ಒಂದು ಚಮಚ ತಿಳಿಸಾರು ತಾಗಿತು ಎಂದು ಗಾಬರಿ ಬೇಡ. ಆದರೆ ಹುಣಸೆ ಉಂಡೆ, ಗೊಜ್ಜು, ಚಟ್ನಿ ಬೇಡವೇ ಬೇಡ. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಅಳತೆ ದ್ರಾಕ್ಷಿಗೂ ಇಲ್ಲ. ತಿಂದ ಒಂದು ದಿನದೊಳಗೆ ವಾಂತಿ ಶುರುವಾಗುತ್ತದೆ, ಆಮೇಲೆ ಮೂತ್ರ ಕಡಿಮೆ ಆಗುತ್ತದೆ. ಆ ತನಕ ಕಾಯಬೇಡಿ. ತಿಂದದ್ದು ಕಂಡ ತಕ್ಷಣ ಹೊರಡಿ.

ಪುಟ್ಟಿ, ಹಾಸನ

ದಯವಿಟ್ಟು ಯಾರಾದರೂ ಬೇಗ ಹೇಳಿ. ಎರಡು ತಿಂಗಳ ಮರಿ ತಂದಿದ್ದೇವೆ. ನಿನ್ನೆಯಿಂದ ಭೇದಿ. ನಮ್ಮತ್ತೆ ಜಾಯಿಕಾಯಿ ತೇಯ್ದು ಹಾಲಿಗೆ ಹಾಕಿ ನೆಕ್ಕಿಸೋಣ ಅನ್ನುತ್ತಿದ್ದಾರೆ. ನನ್ನ ಮಗನಿಗೆ ಎಳೆಯವನಿದ್ದಾಗ ಬಜೆ, ಜಾಯಿಕಾಯಿ ಎಲ್ಲ ತೇಯ್ದು ಹಾಕಿದ್ದರು. ಕೊಡಬಹುದಾ?

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ಕೊಡಬೇಡಿಮ್ಮ. ಬಜೆಯೂ ಬೇಡ, ಹಾಲೂ ಬೇಡ. ಮೊದಲು ಇದನ್ನು ಹೇಳಿ: ಲಸಿಕೆ ಆಗಿದೆಯಾ? ವಾಂತಿ ಇದೆಯಾ? ಭೇದಿಯಲ್ಲಿ ರಕ್ತ, ಕೆಟ್ಟ ವಾಸನೆ ಇದೆಯಾ? ಎರಡು ತಿಂಗಳ ಮರಿಗೆ ಭೇದಿ ಅಂದರೆ ಪಾರ್ವೊ ಎಂಬ ವೈರಸ್ ಕಾಯಿಲೆ ಇರಬಹುದು ಎಂದೇ ನೋಡಬೇಕು. ಅದು ಒಂದೆರಡು ದಿನದಲ್ಲಿ ಮರಿಯ ಜೀವ ತೆಗೆಯುತ್ತದೆ. ಉತ್ತರ ಟೈಪ್ ಮಾಡುವುದೂ ಬೇಡ, ಮರಿ ಎತ್ತಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಹತ್ತಿರ ಬಿಡಬೇಡಿ.

ಉಳಿದವರಿಗೆ: ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಅನ್ನುವ ಅಂಶ ಇದೆ. ಜಾಸ್ತಿ ಹೋದರೆ ನಾಯಿಗೆ ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ದಿಕ್ಕು ತಪ್ಪಿದ ಹಾಗೆ ಆಡುತ್ತದೆ, ಫಿಟ್ಸ್ ಕೂಡ ಬರಬಹುದು. ಜಾಪತ್ರೆ ಅದೇ ಕಾಯಿಯ ಮೇಲಿನ ಹೊದಿಕೆ, ಅದೂ ಬೇಡ. ಗರಂ ಮಸಾಲೆ, ಬಿರಿಯಾನಿ ಪುಡಿಗಳಲ್ಲಿ ಇವೆರಡೂ ಇರುತ್ತವೆ. ಬರ್ಫಿಗೆ ಉದುರಿಸಿದ ಚಿಟಿಕೆಯಿಂದ ಏನೂ ಆಗುವುದಿಲ್ಲ. ಡಬ್ಬದಿಂದ ಉರುಳಿದ ಇಡೀ ಕಾಯಿ ಕಡಿದು ತಿಂದರೆ ಆಗುತ್ತದೆ. ಗಸಗಸೆಯೂ ಬೇಡ.

ಅರಿಶಿನ ಕುಂಕುಮ, ಧಾರವಾಡ

ನಮ್ಮ ನಾಯಿಗೆ ಹನ್ನೊಂದು ವರ್ಷ, ಹಿಂಗಾಲಿನ ಕೀಲು ನೋವು. ಅರಿಶಿನ, ಕೊಬ್ಬರಿ ಎಣ್ಣೆ, ಕಾಳುಮೆಣಸು ಬೇಯಿಸಿ ಪೇಸ್ಟ್ ಮಾಡಿ ದಿನಾ ಒಂದು ಚಮಚ ಕೊಡಿ ಎಂದು ವಿಡಿಯೊ ನೋಡಿದೆ. ಮೂರು ತಿಂಗಳಿಂದ ಕೊಡುತ್ತಿದ್ದೇನೆ. ಸರಿಯೇ?

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ಅರಿಶಿನ ವಿಷ ಅಲ್ಲ. ಅನ್ನ ಬೇಯಿಸುವಾಗ ಒಂದು ಚಿಟಿಕೆ ಹಾಕಿದರೆ ತೊಂದರೆ ಇಲ್ಲ. ಆದರೆ ಔಷಧಿ ಎಂದು ಚಮಚ ಚಮಚ ಕೊಡುವಾಗ ಮೂರು ವಿಷಯ ನೋಡಬೇಕು.

ಅರಿಶಿನದಲ್ಲಿ ಕೆಲಸ ಮಾಡುವ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ. ಅದೂ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸೇರಲಿ ಎಂದೇ ಕಾಳುಮೆಣಸು ಹಾಕುವುದು. ಆದರೆ ಕಾಳುಮೆಣಸಿನ ಪೈಪರೀನ್ ಅರಿಶಿನವನ್ನಷ್ಟೇ ಅಲ್ಲ, ನೀವು ಕೊಡುತ್ತಿರುವ ಬೇರೆ ಮಾತ್ರೆಗಳನ್ನೂ ಜಾಸ್ತಿ ಸೇರಿಸುತ್ತದೆ. ನಿಮ್ಮ ನಾಯಿಗೆ ನೋವಿನ ಮಾತ್ರೆ ಅಥವಾ ಫಿಟ್ಸ್ ಮಾತ್ರೆ ಇದ್ದರೆ ವೈದ್ಯರಿಗೆ ಈ ಪೇಸ್ಟ್ ವಿಷಯ ಹೇಳಲೇಬೇಕು. ಆಪರೇಷನ್‌ಗೆ ಮುಂಚೆಯೂ ಹೇಳಬೇಕು, ಯಾಕೆಂದರೆ ಅರಿಶಿನ ರಕ್ತ ಹೆಪ್ಪುಗಟ್ಟುವುದನ್ನು ತುಸು ತಡೆಯುವ ಗುಣದ್ದು. ಇನ್ನೊಂದು, ಅರಿಶಿನದಲ್ಲಿ ಆಕ್ಸಲೇಟ್ ಜಾಸ್ತಿ. ಮೂತ್ರದಲ್ಲಿ ಕಲ್ಲಾಗಿದ್ದ ನಾಯಿಗೆ ಕೊಡಬಾರದು. ಕೊಬ್ಬರಿ ಎಣ್ಣೆ ದಿನಾ ಕೊಟ್ಟರೆ ದಪ್ಪ ಆಗುತ್ತದೆ. ಕೀಲು ನೋವಿನ ನಾಯಿಗೆ ತೂಕ ಏರಿದರೆ ನೋವೂ ಏರುತ್ತದೆ. ಹನ್ನೊಂದು ವರ್ಷದ ನಾಯಿಗೆ ಎರಡು ಕೆಜಿ ಇಳಿಸಿದರೆ ಆಗುವ ಉಪಕಾರ ಯಾವ ಪೇಸ್ಟ್‌ನಿಂದಲೂ ಆಗುವುದನ್ನು ನಾನು ನೋಡಿಲ್ಲ.

ಕೊಡುವುದೇ ಆದರೆ ಅರಿಶಿನದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿ. ಬಿಡಿ ಪುಡಿಗೆ ಬಣ್ಣ ಬರಲಿ ಎಂದು ಸೀಸದ ಕ್ರೋಮೇಟ್ ಬೆರೆಸುವುದು ಪತ್ತೆಯಾಗಿದೆ. ನಿಮಗೂ ಅದೇ ಒಳ್ಳೆಯದು.

ಬಸವನಗುಡಿ ಬ್ರೌನಿ

ಶುಂಠಿ? ಬ್ರೌನಿಗೆ ಕಾರಲ್ಲಿ ಕೂತರೆ ವಾಂತಿ.

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ಕಡಲೆಕಾಳಿನಷ್ಟು ಹಸಿ ಶುಂಠಿ ತುರಿದು ಅನ್ನಕ್ಕೆ ಸೇರಿಸಿ, ಹೊರಡುವ ಅರ್ಧ ಮುಕ್ಕಾಲು ಗಂಟೆ ಮುಂಚೆ. ಕೆಲವು ನಾಯಿಗೆ ನಿಲ್ಲುತ್ತದೆ. ಗಬ್ಬದ ನಾಯಿಗೆ, ಆಪರೇಷನ್ ಹತ್ತಿರ ಇರುವ ನಾಯಿಗೆ ಬೇಡ. ಆದರೆ ಅಂಗಡಿಯ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಿ ಶುಂಠಿ ಕೊಟ್ಟೆ ಅನ್ನಬೇಡಿ. ಹಾಗೆ ಮಾಡಿದವರು ಇದ್ದಾರೆ.

ಮೈಸೂರಿನವರು ಕೇಳಿದ ಉಳಿದವು ಬೇಗ ಹೇಳಿಬಿಡುತ್ತೇನೆ. ಜೀರಿಗೆ, ಕೊತ್ತಂಬರಿ ಸೊಪ್ಪು, ಧನಿಯ, ಸೋಂಪು, ಕರಿಬೇವು ಚಿಟಿಕೆ ಲೆಕ್ಕದಲ್ಲಿ ಪರವಾಗಿಲ್ಲ. ಸಾಸಿವೆ ಹೊಟ್ಟೆ ಉರಿಸುತ್ತದೆ, ಬಿಡಿ. ಚಕ್ಕೆ ಚಿಟಿಕೆ ಮೀರಬಾರದು. ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ, ಅದರಲ್ಲಿ ಯಕೃತ್ತಿಗೆ ಒಳ್ಳೆಯದಲ್ಲದ ಕೂಮರಿನ್ ಇದೆ. ಲವಂಗ ಬೇಡ, ಲವಂಗದ ಎಣ್ಣೆಯಂತೂ ಹಲ್ಲು ನೋವು ಎಂದು ನಾಯಿ ಬಾಯಿಗೆ ಹಚ್ಚಲೇಬೇಡಿ. ಒಣಮೆಣಸಿನಕಾಯಿ ಬ್ಯಾಡಗಿ ಆದರೂ ಗುಂಟೂರು ಆದರೂ ನಾಯಿಗೆ ಹಿಂಸೆ. ಇಂಗು ಯಾಕೆ ಬೇಕು? ನಾಯಿಯ ನಾಲಗೆಯಲ್ಲಿ ರುಚಿಮೊಗ್ಗು ಸುಮಾರು 1,700, ನಮಗೆ 9,000. ಅದು ಊಟ ಸವಿಯುವುದು ಮೂಗಿನಲ್ಲಿ. ಬೇಯಿಸಿದ ಕೋಳಿಯ ವಾಸನೆಯೇ ಅದಕ್ಕೆ ಸಾಕು.

ಜಮಖಂಡಿ ಹುಡುಗ

ನಮ್ಮ ಕಡೆ ಮುಧೋಳ ನಾಯಿ ಸಾಕುವವರ ಮನೆಯಲ್ಲಿ ಬೆಳೆದವನು ನಾನು. 2005ರಲ್ಲಿ ಅಂಚೆಚೀಟಿ ಬಂದ ನಾಯಿ, ಆಮೇಲೆ ಸೈನ್ಯಕ್ಕೂ ಹೋದ ನಾಯಿ. ಅಪ್ಪ ಅದಕ್ಕೆ ಹಾಕುತ್ತಿದ್ದದ್ದು ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ, ಮೇಲೆ ಒಂದು ಮೊಟ್ಟೆ. ಪಲ್ಯ, ಖಾರಬ್ಯಾಳಿ ಯಾವತ್ತೂ ತಟ್ಟೆಗೆ ಬೀಳಲಿಲ್ಲ. ಹಬ್ಬದ ದಿನವೂ ಇಲ್ಲ. ಮುಟ್ಟಿದರೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು, ಹೊಲದ ಬದುವಿನ ಮೇಲೆ ಬಿಟ್ಟರೆ ಕಣ್ಣಿಗೆ ಕಾಣದ ಹಾಗೆ ಓಡುತ್ತಿತ್ತು.

ನೇತ್ರಾವತಿ ತೀರ

ವಿಷ ತಿಂದರೆ ಎರಡು ಚಮಚ ಉಪ್ಪು ನೀರಿಗೆ ಹಾಕಿ ಕುಡಿಸಿ, ವಾಂತಿ ಆಗಿ ಎಲ್ಲ ಹೊರಗೆ ಬರುತ್ತದೆ. ನಮ್ಮಲ್ಲಿ ಹಾಗೇ ಮಾಡುವುದು. ಆಸ್ಪತ್ರೆ ದೂರ ಇದ್ದವರಿಗೆ ಉಪಯೋಗ ಆಗಬಹುದು.

ಹಳೇ ಸ್ಟೆತಸ್ಕೋಪ್, ಶಿವಮೊಗ್ಗ

ಅಣ್ಣ, ಸಹಾಯ ಮಾಡುವ ಮನಸ್ಸಿನಿಂದ ಬರೆದಿದ್ದೀರಿ ಎಂದು ಗೊತ್ತು. ಆದರೂ ಇದನ್ನು ಓದಿದ ಒಬ್ಬರೂ ಹಾಗೆ ಮಾಡಬಾರದು. ಉಪ್ಪು ನಾಯಿಯ ಕೆಜಿ ತೂಕಕ್ಕೆ 2ರಿಂದ 3 ಗ್ರಾಂ ಹೋದರೆ ವಿಷದ ಲಕ್ಷಣ ಶುರು. 4 ಗ್ರಾಂ ಸುಮಾರಿಗೆ ಜೀವ ಹೋಗಬಹುದು. ದೊಡ್ಡ ಚಮಚದಲ್ಲಿ ಎರಡು ಅಂದರೆ 35 ಗ್ರಾಂ. 9 ಕೆಜಿ ನಾಯಿಗೆ ಅದು ಸಾವಿನ ಅಳತೆ. ವಾಂತಿ ಆಗದೆ ಉಪ್ಪು ಒಳಗೇ ಉಳಿದರೆ ಮಿದುಳಿನ ಜೀವಕೋಶದ ನೀರು ಹೀರಿಕೊಂಡು ನಡುಕ, ಫಿಟ್ಸ್ ಬರುತ್ತದೆ. ಈರುಳ್ಳಿ ತಿಂದು ಬದುಕಬಹುದಾದ ನಾಯಿಯನ್ನು ಉಪ್ಪು ಕೊಲ್ಲುತ್ತದೆ.

ವಾಂತಿ ಮಾಡಿಸುವುದು ವೈದ್ಯರ ಕೆಲಸ. ತಿಂದು ಎರಡು ಗಂಟೆ ಒಳಗೆ ಬಂದರೆ ಇಂಜೆಕ್ಷನ್‌ನಲ್ಲಿ ಮಾಡಿಸುತ್ತೇವೆ. ದೂರ ಇದ್ದರೆ ಫೋನ್ ಮಾಡಿ. ಏನು ತಿಂದಿದೆ, ಎಷ್ಟು, ಎಷ್ಟು ಹೊತ್ತಾಯಿತು, ನಾಯಿ ತೂಕ ಎಷ್ಟು, ಈ ನಾಲ್ಕು ಹೇಳಿ. ಪೊಟ್ಟಣ ಇದ್ದರೆ ಜೊತೆಗೆ ತನ್ನಿ.

ಮನೆಯಲ್ಲೇ ನೋಡುವ ಒಂದು ಉಪಾಯ ಎಲ್ಲರೂ ಕಲಿಯಿರಿ. ಮೇಲಿನ ತುಟಿ ಎತ್ತಿ, ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡ್ ಒಳಗೆ ಮತ್ತೆ ಗುಲಾಬಿ ಆಗಬೇಕು. ನಾಯಿ ಆರೋಗ್ಯವಾಗಿದ್ದಾಗಲೇ ನಾಲ್ಕು ಸಲ ನೋಡಿಟ್ಟುಕೊಳ್ಳಿ. ಆಗ ಬದಲಾದರೆ ತಿಳಿಯುತ್ತದೆ.

ನೇತ್ರಾವತಿ ತೀರ

ಡಾಕ್ಟ್ರೇ, ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಮೇಲಿನ ನನ್ನ ಮಾತನ್ನು ಯಾರೂ ಪಾಲಿಸಬೇಡಿ.

ಪುಟ್ಟಿ, ಹಾಸನ

ಮರಿಯನ್ನು ಅವತ್ತೇ ಕರೆದುಕೊಂಡು ಹೋದೆ. ಪಾರ್ವೊನೇ. ಐದು ದಿನ ಡ್ರಿಪ್ ಆಯಿತು. ಇವತ್ತು ಬೆಳಿಗ್ಗೆ ಮೊದಲ ಸಲ ತಾನಾಗಿ ನೀರು ಕುಡಿಯಿತು. ಅತ್ತೆ ದೇವರ ಮುಂದೆ ದೀಪ ಹಚ್ಚಿದ್ದಾರೆ. ಜಾಯಿಕಾಯಿ ಡಬ್ಬ ಅವರೇ ಮೇಲಿನ ಅಟ್ಟಕ್ಕೆ ಇಟ್ಟರು. ನಿಮ್ಮೆಲ್ಲರಿಗೂ ಕೈ ಮುಗಿದೆ.

ಚಿನ್ನು ಅಮ್ಮ, ಮೈಸೂರು

ಪುಟ್ಟಿ, ಕಣ್ಣಲ್ಲಿ ನೀರು ಬಂತು. ಮರಿ ಬೇಗ ಚೇತರಿಸಿಕೊಳ್ಳಲಿ.

ನಮ್ಮದೂ ಹೇಳುತ್ತೇನೆ. ನಿನ್ನೆ ಮತ್ತೆ ರಕ್ತ ನೋಡಿದರು. ಚಿನ್ನು ಪಿಸಿವಿ 38. ಡಾಕ್ಟರ್ ಇನ್ನು ಔಷಧಿ ಬೇಡ ಎಂದರು.

ಅಡುಗೆಮನೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿದ್ದೇನೆ. ತಿಪಟೂರಿನ ಅಜ್ಜಿ ಮಾಡುತ್ತಿದ್ದದ್ದೇ ಅದು. ಒಗ್ಗರಣೆಗೆ ಮುಂಚೆ ಚಿನ್ನು ಪಾಲು ಎತ್ತಿಡುವುದು. ಕೋಳಿ ತಂದರೆ ಈರುಳ್ಳಿ ಕತ್ತರಿಸುವ ಮೊದಲೇ ನಾಲ್ಕು ತುಂಡು ಬೇರೆ ಕುಕ್ಕರಿನಲ್ಲಿ ನೀರು ಹಾಕಿ ಕೂಗಿಸುತ್ತೇನೆ. ಮೂಳೆ ತೆಗೆದು, ಅದೇ ನೀರಿಗೆ ಅನ್ನ, ಒಂದು ಕ್ಯಾರೆಟ್. ಬೇಳೆ ಬೆಂದರೆ ಹುಣಸೆ, ಪುಡಿ ಬೀಳುವ ಮೊದಲು ಎರಡು ಸೌಟು ಬಟ್ಟಲಿಗೆ. ಬಟ್ಟಲಿಗೆ ಕೆಂಪು ದಾರ ಕಟ್ಟಿದ್ದೇವೆ, ಮನೆಗೆ ಬಂದ ನೆಂಟರಿಗೂ ಗೊತ್ತಾಗಲಿ ಎಂದು.

ಇವತ್ತು ಅವರೆಕಾಳು ಸಾರು. ಒಗ್ಗರಣೆ ಸೌಟು ಒಲೆ ಮೇಲಿಡುವಷ್ಟರಲ್ಲಿ ಚಿನ್ನು ಬಾಗಿಲಲ್ಲಿ ಬಂದು ಕೂತಿದ್ದಾಳೆ. ಕೆಂಪು ದಾರದ ಬಟ್ಟಲು ಆಗಲೇ ತುಂಬಿ ಆರುತ್ತಿದೆ.